90 ದಿನದೊಳಗೆ ಸರ್ಕಾರದ ಮೇಲ್ಮನವಿ: ನನ್ನ ಅನುಭವ

ಕಳೆದ ಎರಡು ವರ್ಷಗಳಲ್ಲಿ ಸರ್ಕಾರದ ವಿರುದ್ಧ ನಮ್ಮ ಜಿಲ್ಲೆಯಲ್ಲಿ ಸುಮಾರು 60 ಡಿಕ್ರಿಗಳಾಗಿವೆ (ಡಿಕ್ರಿ ಎಂದರೆ ತೀರ್ಪಿನಂತೆ ಹೊರಡುವ ವಿಧ್ಯುಕ್ತ ಆದೇಶ). ಅವುಗಳಲ್ಲಿ 22 ಅಥವಾ 23 ಪ್ರಕರಣಗಳಲ್ಲಿ ಮೇಲ್ಮನವಿ ಸಲ್ಲಿಸಬೇಕೆಂದು, ಸರ್ಕಾರದ ಪರ ವಕೀಲಿಕೆ ಮಾಡುವ ನಾನು ಅಭಿಪ್ರಾಯ ಕೊಟ್ಟಿದ್ದೆ. ಒಂದನ್ನು ಬಿಟ್ಟು ಉಳಿದವೆಲ್ಲ 90 ದಿನಗಳ ಕಾಲಮಿತಿಯೊಳಗೆ ಉಚ್ಚ ನ್ಯಾಯಾಲಯದಲ್ಲಿ ದಾಖಲಾದವು. ಕಡತದ ಮೇಲೆ ದಿನಾಂಕಗಳ ಹಾಳೆಯೊಂದನ್ನು ಹೊಲಿದು ಕಳುಹಿಸುವ ಕ್ರಮವನ್ನು ಆರಂಭಿಸಿದಾಗ ನಮ್ಮ ವಕೀಲರ ಸಂಘದ ಹಿರಿಯರು, ಅವರಲ್ಲಿ ಹಿಂದೆ ಸರ್ಕಾರಿ ವಕೀಲರಾಗಿದ್ದವರೂ ಸೇರಿ, ಸರ್ಕಾರದ ಕಡತ ಯಾರ ಮಾತನ್ನೂ ಕೇಳುವುದಿಲ್ಲ, ವಿಳಂಬ ಮನ್ನಾ ಅರ್ಜಿಯನ್ನು ಚೆನ್ನಾಗಿ ಬರೆಯುವುದನ್ನು ಕಲಿತರೆ ಸಾಕು ಎಂದಿದ್ದರು. ಹತ್ತು ವರ್ಷ ನಾನೂ ಹಾಗೆಯೇ ನಂಬಿದ್ದೆ.

ಆ ನಂಬಿಕೆ ಮುರಿದದ್ದು ಒಂದು ಭೂಸ್ವಾಧೀನ ಪ್ರಕರಣದಲ್ಲಿ. 1894ರ ಕಾಯ್ದೆಯಡಿ ಬಂದ ಹಳೆಯ ಉಲ್ಲೇಖದಲ್ಲಿ (ಪರಿಹಾರ ಸಾಲದೆಂದು ನ್ಯಾಯಾಲಯಕ್ಕೆ ಒಪ್ಪಿಸಿದ ಪ್ರಕರಣದಲ್ಲಿ) ಪರಿಹಾರದ ಮೊತ್ತ ಸುಮಾರು 40 ಲಕ್ಷ ರೂಪಾಯಿಯಷ್ಟು ಹೆಚ್ಚಿತು. ತೀರ್ಪಿನ ನಕಲು ಕಳುಹಿಸಿ, ಮೇಲ್ಮನವಿ ಯೋಗ್ಯವೆಂದು ಬರೆದು ನಾನು ನನ್ನ ಕೆಲಸ ಮುಗಿಯಿತೆಂದುಕೊಂಡೆ. ಕಡತ ಮೂರು ಕಚೇರಿಗಳ ನಡುವೆ ಹದಿನಾಲ್ಕು ತಿಂಗಳು ಓಡಾಡಿತು. ಸ್ವಾಧೀನಕ್ಕೆ ಪಡೆದ ಮೊದಲ ವರ್ಷದ ನಂತರ ಬಡ್ಡಿ ಶೇಕಡ 15 ಆಗುವುದರಿಂದ ದಿನಕ್ಕೆ ಸುಮಾರು 1,640 ರೂಪಾಯಿ ಏರುತ್ತಲೇ ಇತ್ತು. ಮೇಲ್ಮನವಿ ಬೇಡವೆಂದು ತೀರ್ಮಾನಿಸಿ ಹಣವನ್ನು ಠೇವಣಿ ಇಟ್ಟಿದ್ದರೂ ಏಳು ಲಕ್ಷದಷ್ಟು ಉಳಿಯುತ್ತಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 82 ಡಿಕ್ರಿಯ ಜಾರಿಯಿಂದ ಸರ್ಕಾರಕ್ಕೆ ಕೊಡುವ ಮೂರು ತಿಂಗಳ ರಕ್ಷಣೆ ಎಂದೋ ಮುಗಿದಿತ್ತು. ತಡವಾಗಿ ಸಲ್ಲಿಸಿದ ಮೇಲ್ಮನವಿಯಲ್ಲಿ, ಅದನ್ನು ವಿಚಾರಣೆಗೆ ತೆಗೆದುಕೊಳ್ಳುವುದು ನಿರ್ಧಾರವಾಗುವವರೆಗೆ ತಡೆಯಾಜ್ಞೆ ಸಿಗದೆಂದು ಅದೇ ಸಂಹಿತೆಯ ಆದೇಶ 41ರ ನಿಯಮ 3ಎ ಹೇಳುತ್ತದೆ. ಡಿಕ್ರಿಯನ್ನು ಜಾರಿ ಮಾಡುವ ಅಮಲ್ಜಾರಿ ನ್ಯಾಯಾಲಯದ ಅಮೀನರು (ಜಪ್ತಿ ಮಾಡುವ ಸಿಬ್ಬಂದಿ) ಬಂದು ಕಚೇರಿಯ ಜೀಪನ್ನೂ ಹನ್ನೆರಡು ಕುರ್ಚಿಗಳನ್ನೂ ಎರಡು ಕಂಪ್ಯೂಟರ್‌ಗಳನ್ನೂ ಜಪ್ತಿ ಮಾಡಿದಾಗ, ಅಧಿಕಾರಿಯವರು ನನಗೆ ಫೋನ್ ಮಾಡಿ, "ವಕೀಲರೇ, ಒಂದು ತಡೆಯಾಜ್ಞೆ ತಂದುಕೊಡಿ" ಎಂದರು. ತರಲು ನನ್ನ ಕೈಯಲ್ಲಿ ಯಾವ ದಾರಿಯೂ ಉಳಿದಿರಲಿಲ್ಲ.

ಮೊದಲು ನಾನು ಮಾಡಿದ ಪ್ರಯತ್ನಗಳು ಸೋತವು. ನೋಂದಾಯಿತ ಅಂಚೆಯಲ್ಲಿ ನೆನಪೋಲೆಗಳನ್ನು ಕಳುಹಿಸಿದೆ. ಅವು ಟಪಾಲಿನಲ್ಲಿ ದಾಖಲಾಗಿ ಕಡತದೊಳಗೆ ಸೇರಿದವೇ ಹೊರತು ಯಾರನ್ನೂ ಎಬ್ಬಿಸಲಿಲ್ಲ. ವಾಟ್ಸ್‌ಆ್ಯಪ್ ಗುಂಪೊಂದನ್ನು ಕಟ್ಟಿದೆ. ಎರಡು ತಿಂಗಳಲ್ಲಿ ಅದರಲ್ಲಿ ಹಬ್ಬದ ಶುಭಾಶಯಗಳ ನಡುವೆ ಡಿಕ್ರಿಯ ಫೋಟೋಗಳು ಕಳೆದುಹೋಗತೊಡಗಿದವು. ಕಿರಿಯ ವಕೀಲರೊಬ್ಬರಿಗೆ ತಿಂಗಳಿಗೆ 4,000 ರೂಪಾಯಿ ಮತ್ತು ಪೆಟ್ರೋಲ್ ಖರ್ಚು ಕೊಟ್ಟು ಕಡತಗಳ ಹಿಂದೆ ಓಡಾಡಿಸಿದೆ. ಆರು ತಿಂಗಳಲ್ಲಿ ಸುಮಾರು 30,000 ರೂಪಾಯಿ ಖರ್ಚಾಯಿತು. ಕಡತಗಳು ಸ್ವಲ್ಪ ಬೇಗ ಚಲಿಸಿದವು, ಆದರೆ ಯಾವ ಮೇಜಿನಲ್ಲಿ ಎಷ್ಟು ದಿನ ನಿಂತಿತೆಂಬುದು ಮಾತ್ರ ಎಲ್ಲಿಯೂ ಬರವಣಿಗೆಯಲ್ಲಿ ಉಳಿಯಲಿಲ್ಲ. ದೋಷವಿದ್ದದ್ದು ಅಲ್ಲಿಯೇ ಎಂದು ನನಗೆ ತಿಳಿದದ್ದು ಆಮೇಲೆ.

ಕೆಲಸಕ್ಕೆ ಬಂದ ಕ್ರಮ ಹೀಗಿದೆ. ತೀರ್ಪು ಹೊರಬಿದ್ದ ದಿನ ಸಂಜೆಯೊಳಗೆ ನಕಲು ಅರ್ಜಿ ಹಾಕುತ್ತೇನೆ. ಕಾಲಮಿತಿ ಕಾಯ್ದೆಯ ಕಲಂ 12ರಲ್ಲಿ ನಕಲಿಗೆ ತಗಲಿದ ಸಮಯವನ್ನು ಕಾಲಮಿತಿಯ ಲೆಕ್ಕದಿಂದ ಬಿಡಲಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ನಕಲು ಅರ್ಜಿ ಹಾಕುವ ಮುನ್ನ ಡಿಕ್ರಿ ಸಿದ್ಧವಾಗಲು ಹಿಡಿದ ಸಮಯವನ್ನು ಹಾಗೆ ಬಿಡಲಾಗುವುದಿಲ್ಲವೆಂಬ ಅದರ ವಿವರಣೆಯನ್ನು ನಾವು ಮರೆತು, ಡಿಕ್ರಿ ಬರೆದ ಮೇಲೆ ಅರ್ಜಿ ಹಾಕೋಣವೆಂದು ಹದಿನೈದು ಇಪ್ಪತ್ತು ದಿನಗಳನ್ನು ಸುಮ್ಮನೆ ಕಳೆದುಕೊಳ್ಳುತ್ತೇವೆ. ನಕಲು ಶುಲ್ಕಕ್ಕೆ ಮುಂಗಡವಿಲ್ಲದ ಕಾರಣ ವರ್ಷಕ್ಕೆ 8,000ದಿಂದ 9,000 ರೂಪಾಯಿಯನ್ನು ನಾನೇ ಭರಿಸುತ್ತೇನೆ. ಅದರಲ್ಲಿ ಅರ್ಧದಷ್ಟು ತಡವಾಗಿಯಾದರೂ ಮರಳಿ ಬರುತ್ತದೆ. ದೃಢೀಕೃತ ನಕಲಿಗೆ ಕಾಯದೆ, ಇ-ಕೋರ್ಟ್ಸ್ ಜಾಲತಾಣದಲ್ಲಿ ಬಂದ ತೀರ್ಪನ್ನು ಓದಿ ಏಳು ದಿನದೊಳಗೆ ನನ್ನ ಅಭಿಪ್ರಾಯವನ್ನು ಕಳುಹಿಸುತ್ತೇನೆ.

ಕಡತದ ಮೇಲೆಯೇ ಒಂದು ಹಾಳೆಯನ್ನು ಹೊಲಿದು ಕಳುಹಿಸುತ್ತೇನೆ. ತೀರ್ಪಿನ ದಿನಾಂಕ, ಕೊನೆಯ ದಿನಾಂಕ, ಕಡತ ಬಂದ ದಿನ, ಹೋದ ದಿನ, ನೋಡಿದವರ ಹೆಸರು, ಹುದ್ದೆ, ಸಹಿ ಎಂದು ಅದರಲ್ಲಿ ಅಂಕಣಗಳಿವೆ. ಕೆಳಗೆ ದಪ್ಪ ಅಕ್ಷರದಲ್ಲಿ, ವಿಳಂಬವಾದರೆ ಈ ಹಾಳೆಯನ್ನೇ ಅಫಿಡವಿಟ್‌ನೊಂದಿಗೆ ಉಚ್ಚ ನ್ಯಾಯಾಲಯಕ್ಕೆ ಹಾಜರುಪಡಿಸಲಾಗುವುದು ಎಂದು ಮುದ್ರಿಸಿದ್ದೇನೆ. ಈ ಒಂದು ಸಾಲಿಗೆ ಮೊದಲ ಮೂರು ತಿಂಗಳು ಬಹಳ ವಿರೋಧ ಬಂತು. ಇಬ್ಬರು ಅಧಿಕಾರಿಗಳು ಹಾಳೆಯನ್ನು ಕಿತ್ತು ಕಡತವನ್ನು ಮರಳಿಸಿದರು. ನಾನು ಅದನ್ನೇ ಮತ್ತೆ ಹೊಲಿದು ಕಳುಹಿಸಿದೆ. ಸಹಿಗಳೆಲ್ಲ ಒಂದೇ ಬೈಠಕ್ಕಿನಲ್ಲಿ ಆಗುವಂತೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹೇಗೆ ವ್ಯವಸ್ಥೆ ಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕಚೇರಿಯೊಳಗೇ ಇರಲಿ. ಕೊನೆಯ ದಿನಾಂಕವಾಗಿ ನಾನು ಬರೆಯುವುದು 90ನೆಯ ದಿನವನ್ನಲ್ಲ, 45ನೆಯ ದಿನವನ್ನು ಎಂಬುದನ್ನು ಮಾತ್ರ ಹೇಳಬಲ್ಲೆ.

ಈ ಹಟಕ್ಕೆ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳ ಬೆಂಬಲವಿದೆ. ವಿಳಂಬವನ್ನು ಉದಾರವಾಗಿ ನೋಡಬೇಕೆಂದ 1987ರ ಕಾತಿಜಿ ಪ್ರಕರಣವನ್ನು ಉಲ್ಲೇಖಿಸಿ ಬದುಕಿದವರು ನಾವು. 2012ರಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಪ್ರಕರಣದಲ್ಲಿ 427 ದಿನಗಳ ವಿಳಂಬವನ್ನು ಮನ್ನಿಸಲು ನಿರಾಕರಿಸಿ, ಕಡತದ ನಿಧಾನಗತಿ ಇನ್ನು ಕಾರಣವಾಗದೆಂದು ನ್ಯಾಯಾಲಯ ಹೇಳಿತು. 2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಬಂದಾಗ 25,000 ರೂಪಾಯಿ ದಂಡ ವಿಧಿಸಿ, ಅದನ್ನು ಹೊಣೆಗಾರ ಅಧಿಕಾರಿಗಳಿಂದಲೇ ವಸೂಲು ಮಾಡಬೇಕೆಂದಿತು. ಮೇಲ್ಮನವಿ ವಜಾ ಆಯಿತೆಂಬ ಮುದ್ರೆ ಪಡೆದು ಕಡತ ಮುಚ್ಚಲೆಂದೇ ಇಂಥವು ಬರುತ್ತವೆ ಎಂದೂ ಗುರುತಿಸಿತು. ಆ ಮಾತು ಎಷ್ಟು ನಿಜವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಮೇಲ್ಮನವಿ ಬೇಡವೆಂದು ಸಹಿ ಹಾಕಲು ಅಧಿಕಾರಿಗಳಿಗೆ ಭಯ, ತಡವಾಗಿ ಕಳುಹಿಸಲು ಭಯವಿಲ್ಲ. 2025ರ ಸೆಪ್ಟೆಂಬರಿನಲ್ಲಿ ನಮ್ಮದೇ ರಾಜ್ಯದ ಗೃಹ ಮಂಡಳಿಯ ಪ್ರಕರಣದಲ್ಲಿ, 3,966 ದಿನಗಳ ವಿಳಂಬವನ್ನು ಮನ್ನಿಸಿದ್ದ ಉಚ್ಚ ನ್ಯಾಯಾಲಯದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ನಮ್ಮ ವೃತ್ತಿಗೆ ಅದರಲ್ಲಿ ಮುಖ್ಯವಾದದ್ದು ದಿನಗಳ ಸಂಖ್ಯೆಯಲ್ಲ. ಕಾಲಮಿತಿ ಮುಗಿದ ನಂತರದ ದಿನಗಳಿಗಷ್ಟೇ ಅಲ್ಲ, ಅದು ಆರಂಭವಾದ ದಿನದಿಂದ ಮೇಲ್ಮನವಿ ಸಲ್ಲಿಸಿದ ದಿನದವರೆಗೂ ಕಾರಣ ತೋರಿಸಬೇಕೆಂಬ ಅದರ ವಿವರಣೆ. ನನ್ನ ಹಾಳೆ ತೀರ್ಪಿನ ದಿನದಿಂದಲೇ ಆರಂಭವಾಗುವುದರಿಂದ ಆ ತೀರ್ಪು ಬಂದ ಮೇಲೆ ಅದರಲ್ಲಿ ಒಂದು ಅಂಕಣವನ್ನೂ ಬದಲಿಸಬೇಕಾಗಲಿಲ್ಲ. ಹಾಳೆಯನ್ನು ಕಿತ್ತಿದ್ದ ಅಧಿಕಾರಿಗಳಲ್ಲಿ ಒಬ್ಬರು ಆ ತಿಂಗಳಲ್ಲೇ ಅದರ ಇಪ್ಪತ್ತು ಪ್ರತಿಗಳನ್ನು ಕೇಳಿ ಪಡೆದರು.

ಮೇಲ್ಮನವಿ ಬೇಡವೆನ್ನುವ ಅಭಿಪ್ರಾಯವನ್ನೂ ನಾನು ಅಷ್ಟೇ ಶ್ರದ್ಧೆಯಿಂದ ಬರೆಯುತ್ತೇನೆ. ಸೋತ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಅಂಥವೇ. ಯಾವ ದಾಖಲೆ ನಮ್ಮ ಬಳಿ ಇಲ್ಲ, ಮೇಲ್ಮನವಿಯಲ್ಲಿ ಅದನ್ನು ತರಲು ಏಕೆ ಸಾಧ್ಯವಿಲ್ಲ, ಬಡ್ಡಿ ದಿನಕ್ಕೆ ಎಷ್ಟು ಬೀಳುತ್ತದೆ ಎಂಬ ಲೆಕ್ಕವನ್ನು ಮೊದಲ ಪುಟದಲ್ಲಿಯೇ ಕೊಟ್ಟರೆ ಅಧಿಕಾರಿಗೆ ಸಹಿ ಹಾಕುವ ಧೈರ್ಯ ಬರುತ್ತದೆ.

ಇದೇ ಹಾಳೆಯನ್ನು ಬೇರೆಡೆಯೂ ಪ್ರಯೋಗಿಸಿ ನೋಡಿದೆ. ದಾವೆಗೆ ನಾವು ಕೊಡುವ ಉತ್ತರವಾದ ಲಿಖಿತ ಹೇಳಿಕೆಗೆ ಬೇಕಾದ ಕಂಡಿಕೆವಾರು ಷರಾ (ದಾವೆಯ ಪ್ರತಿ ಪ್ಯಾರಾಕ್ಕೂ ಇಲಾಖೆಯ ಉತ್ತರ) ತರಿಸಿಕೊಳ್ಳಲು ಬಳಸಿದಾಗ ಫಲ ಅರ್ಧದಷ್ಟು ಮಾತ್ರ ಸಿಕ್ಕಿತು. ಷರಾ ಬೇಗ ಬಂದರೂ ಹಳೆಯ ಪಹಣಿಗಳಾಗಲಿ ಮಂಜೂರಾತಿ ಕಡತವಾಗಲಿ ಜೊತೆಗೆ ಬರಲಿಲ್ಲ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಎರಡು ತಿಂಗಳು ಮೊದಲೇ ಕೊಡಬೇಕಾದ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರ ನೋಟಿಸಿನ ಹಂತದಲ್ಲಿ ಬಳಸಿದ್ದು ಮಾತ್ರ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ ಫಲಿಸಿತು. ಎರಡು ತಿಂಗಳ ಅವಧಿಯನ್ನು ಮೊದಲ ದಿನದಿಂದ ಎಣಿಸತೊಡಗಿದ ಮೇಲೆ, ಬಂದ ಸುಮಾರು 35 ನೋಟಿಸುಗಳಲ್ಲಿ ಐದಾರು ದಾವೆಯಾಗಲೇ ಇಲ್ಲ. ಒಂದರಲ್ಲಿ ಸರ್ವೆ ಸಂಖ್ಯೆಯನ್ನು ತಪ್ಪಾಗಿ ನಮೂದಿಸಿ ರೈತರೊಬ್ಬರ ಎರಡು ಎಕರೆಯನ್ನು ಗೋಮಾಳವೆಂದು ತೋರಿಸಲಾಗಿತ್ತು. ತಹಶೀಲ್ದಾರರು ಸ್ಥಳಕ್ಕೆ ಹೋಗಿ ನೋಡಿ, ಒಂದೂವರೆ ತಿಂಗಳಲ್ಲಿ ತಿದ್ದುಪಡಿಗೆ ಆದೇಶ ಮಾಡಿಸಿದರು. ಆ ರೈತರು ಎಂಟು ವರ್ಷ ಕೋರ್ಟಿಗೆ ಅಲೆಯುವುದು ತಪ್ಪಿತೆಂಬ ಸಮಾಧಾನ ನನಗೆ ಯಾವ ಮೇಲ್ಮನವಿಯ ಗೆಲುವಿನಿಂದಲೂ ಸಿಕ್ಕಿಲ್ಲ.

ಇನ್ನು ತಡವಾದ ಆ ಒಂದು ಪ್ರಕರಣದ ಮಾತು. ಹನ್ನೊಂದು ದಿನಗಳ ವಿಳಂಬವಾಗಿತ್ತು. ಕಡತ ಹಿಡಿದಿದ್ದ ಅಧಿಕಾರಿ ವರ್ಗವಾಗಿ ಹೋಗಿದ್ದರು. ಹೊಸದಾಗಿ ಬಂದವರಿಂದ ಅಫಿಡವಿಟ್ ಮಾಡಿಸುವುದು ವಾಡಿಕೆ. ನಾನು ಹಾಗೆ ಮಾಡದೆ, ವರ್ಗವಾದವರನ್ನೇ ಕರೆಸಿ, ಹಾಳೆಯಲ್ಲಿದ್ದ ಒಂದೊಂದು ದಿನಾಂಕಕ್ಕೂ ಅವರಿಂದಲೇ ಪ್ರಮಾಣ ಮಾಡಿಸಿದೆ. ಆಡಳಿತಾತ್ಮಕ ಕಾರಣಗಳಿಂದ ಎಂಬ ನಮ್ಮ ಹಳೆಯ ಪದಪುಂಜವನ್ನು ಎಲ್ಲಿಯೂ ಬಳಸಲಿಲ್ಲ. ಉಚ್ಚ ನ್ಯಾಯಾಲಯದ ಧಾರವಾಡ ಪೀಠದಲ್ಲಿ ಎದುರುದಾರರ ವಕೀಲರು ಹಾಳೆಯನ್ನು ಅರ್ಧ ಗಂಟೆ ಪರಿಶೀಲಿಸಿ ಎರಡು ದಿನಾಂಕಗಳನ್ನು ಪ್ರಶ್ನಿಸಿದರು. ಎರಡಕ್ಕೂ ಟಪಾಲು ವಹಿಯ ಪುಟಗಳು ಲಗತ್ತಾಗಿದ್ದವು. ವಿಳಂಬ ಮನ್ನಾ ಆಯಿತು, ದಂಡ ಬೀಳಲಿಲ್ಲ.

2013ರ ಭೂಸ್ವಾಧೀನ ಕಾಯ್ದೆಯ ಮೇಲ್ಮನವಿಗಳಿಗೆ ಈಗ ಕೆಂಪು ಬಣ್ಣದ ಬೇರೆ ಹಾಳೆ ಮಾಡಿಸಿದ್ದೇನೆ. ಅದರ ಕಲಂ 74ರಲ್ಲಿ 60 ದಿನ, ಕಾರಣ ತೋರಿಸಿದರೆ ಇನ್ನೂ 60 ದಿನ ಎಂದಿದೆ. ಆ ಎರಡನೆಯ 60ನ್ನು ನಾನು ಲೆಕ್ಕಕ್ಕೇ ಹಿಡಿಯದೆ ಕೊನೆಯ ದಿನಾಂಕವಾಗಿ 30ನೆಯ ದಿನವನ್ನು ಬರೆಯುತ್ತಿದ್ದೇನೆ. ಇದುವರೆಗೆ ಮೂರು ಕಡತಗಳು ಹೋಗಿವೆ. ತೀರಾ ಬೇಗ ದಾಖಲಾದದ್ದು 41ನೆಯ ದಿನ.