ಆ ಕತೆ ಹೇಳುವುದನ್ನು ಮೊದಲು ನಿಲ್ಲಿಸಿದೆ

ಅಪ್ಪ ತೀರಿಕೊಂಡ ಮೇಲೆ ಉಡುಪಿ ಕಡೆಯ ನಮ್ಮ ಮನೆ ಮಾರಾಟವಾಯಿತು. ನಾನಿದ್ದದ್ದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ತಂಗಿ ಊರಿನಲ್ಲಿ. ವ್ಯವಹಾರ ನೋಡಿಕೊಂಡ ಸಂಬಂಧಿಕರೊಬ್ಬರು ನಮ್ಮಿಬ್ಬರ ಪಾಲಿನ ದೊಡ್ಡ ಮೊತ್ತವನ್ನು ತಾವೇ ಇಟ್ಟುಕೊಂಡರು. ಕೇಳಿದರೆ, "ನಿನಗೆ ಕೆಲಸ ಇದೆಯಲ್ಲ, ನಿನಗ್ಯಾಕೆ?" ಎಂದರು. ಅವರೂ ಮುಂಬೈಯವರೇ. ಭಾನುವಾರ ನಮ್ಮದೇ ಚರ್ಚಿನ ಕನ್ನಡ ಆರಾಧನೆಗೆ ಬರುವವರು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ನನ್ನ ಬಾಯಿ ಕಟ್ಟಿಹೋಗುತ್ತಿತ್ತು.

ಕ್ಷಮಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅಂತ ಹೇಳುವವರು ಕಡಿಮೆ. ನಾನು ಶುರು ಮಾಡಿದ್ದು ನಾಲಿಗೆಯಿಂದ. ಲೋಕಲ್ ರೈಲಿನಲ್ಲಿ ಪಕ್ಕದವರು ಊರಿನವರು ಅಂತ ಗೊತ್ತಾದರೆ ಸಾಕು, ಘಾಟ್ಕೋಪರ್ ಬರುವಷ್ಟರಲ್ಲಿ ಈ ಕತೆ ಪೂರ್ತಿ ಹೇಳಿರುತ್ತಿದ್ದೆ. ಆ ಸಂಬಂಧಿಕರ ದನಿ, ಮುಖ ತಿರುಗಿಸಿದ ರೀತಿ, ಎಲ್ಲ. ಹೇಳಿದಷ್ಟೂ ಹಗುರ ಆಗುತ್ತದೆ ಎನ್ನುತ್ತಾರಲ್ಲ, ನನಗಂತೂ ಹಾಗಾಗಲಿಲ್ಲ. ಆರುತ್ತಿರುವ ಗಾಯದ ಹಕ್ಕಳೆ ಕಿತ್ತಂತೆ ಆಗುತ್ತಿತ್ತು. ಆಫೀಸು ತಲುಪುವಾಗ ಸಿಟ್ಟು ಹೊಸದಾಗಿರುತ್ತಿತ್ತು. ಹಾಗಾಗಿ ಹೆಂಡತಿ ಮತ್ತು ಪಾದ್ರಿ, ಇವರಿಬ್ಬರನ್ನು ಬಿಟ್ಟು ಯಾರಿಗೂ ಹೇಳುವುದಿಲ್ಲ ಎಂದುಕೊಂಡೆ. "ಆ ಮನೆ ವಿಷಯ ಏನಾಯ್ತು ಮಾರಾಯ್ರೆ?" ಎಂದು ಯಾರಾದರೂ ಕೇಳಿದರೆ, "ಅದು ಬಿಡಿ" ಎಂದು ಮಾತು ಬದಲಿಸುವುದು. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು.

ಆಮೇಲೆ ಆ ಸಂಬಂಧಿಕರಿಗಾಗಿ ಪ್ರಾರ್ಥನೆ. "ದೇವರೇ, ಅವರಿಗೆ ಬುದ್ಧಿ ಕೊಡು" ಅನ್ನುವುದು ಪ್ರಾರ್ಥನೆಯಲ್ಲ, ದೂರು. ಅವರಿಗೆ ಮಂಡಿ ನೋವು ಜಾಸ್ತಿ. ಸ್ಟೇಷನ್ ಸೇತುವೆಯ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ಕಂಬಿ ಹಿಡಿದು ಹತ್ತುತ್ತಾರೆ. ಆ ಮಂಡಿಗಾಗಿಯೇ ಬೇಡಿದೆ. ಹಾಗೆ ಬೇಡುತ್ತಾ ಹೋದಂತೆ ಮೋಸ ಮಾಡಿದವರ ಜಾಗದಲ್ಲಿ ವಯಸ್ಸಾದ ಒಬ್ಬ ಮನುಷ್ಯ ಕಾಣತೊಡಗಿದರು.

ಬೈಬಲಿನ ಮತ್ತಾಯ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕತೆ ಇದೆ. 10,000 ತಲಾಂತು, ಅಂದರೆ ತೀರಿಸಲಾಗದಷ್ಟು ದೊಡ್ಡ ಸಾಲ ಮನ್ನಾ ಆದವನು, ತನಗೆ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಆ 100 ದಿನಾರಿ ಪುಡಿಗಾಸು ಎಂದು ನಾವು ಓದಿಬಿಡುತ್ತೇವೆ. ಒಂದು ದಿನಾರಿ ಆಗಿನ ಒಂದು ದಿನದ ಕೂಲಿ. ಅಂದರೆ ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನಿನಗಾದದ್ದು ಸಣ್ಣ ನಷ್ಟ ಅಂತ ಯೇಸು ಹೇಳುತ್ತಿಲ್ಲ, ಅಲ್ವಾ? ಇದು ತಿಳಿದಾಗ ನನಗೆ ಧೈರ್ಯ ಬಂತು. ನಷ್ಟವನ್ನು ನಷ್ಟವೆಂದೇ ಹೇಳಿ ಬಿಟ್ಟುಕೊಡಬಹುದು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದೆ. "ನೀವು ಮಾಡಿದ್ದು ತಪ್ಪು. ಆದರೆ ನನ್ನ ಪಾಲನ್ನು ಇನ್ನು ಕೇಳುವುದಿಲ್ಲ. ನಿಮ್ಮ ಮೇಲೆ ಸಿಟ್ಟೂ ಇಟ್ಟುಕೊಳ್ಳುವುದಿಲ್ಲ" ಎಂದೆ. ಅವರು ಕ್ಷಮೆ ಕೇಳಲಿಲ್ಲ. "ಚಹಾ ಕುಡಿಯೋಣವಾ?" ಎಂದರು. ಕುಡಿದೆವು.

ತಂಗಿಯ ಪಾಲು ಬೇರೆ ಮಾತು. ಅವಳ ಪರವಾಗಿ ಕ್ಷಮಿಸುವ ಅಧಿಕಾರ ನನಗಿಲ್ಲ. ಒಡಿಶಾದಲ್ಲಿ 1999ರಲ್ಲಿ ಗಂಡ, ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಮಕ್ಕಳನ್ನು ಸುಟ್ಟು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ಅಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಆದರೂ ಕೇಸು ನಡೆಯಿತು, ಅಪರಾಧಿಗಳಿಗೆ ಶಿಕ್ಷೆಯಾಯಿತು. ಕ್ಷಮೆ ಮತ್ತು ನ್ಯಾಯ ಒಂದನ್ನೊಂದು ತಳ್ಳಬೇಕಿಲ್ಲ. ಆ ಸಂಬಂಧಿಕರನ್ನು ನಂಬಿ ಮತ್ತೆ ಹಣ ಕೊಡಬೇಕೆಂದೂ ಇಲ್ಲ, ನಾನು ಕೊಡುವುದಿಲ್ಲ.

ಸಿಟ್ಟು ಈಗಲೂ ಒಮ್ಮೊಮ್ಮೆ ಬರುತ್ತದೆ, ಮುಖ್ಯವಾಗಿ ತಂಗಿಯ ಫೋನ್ ಬಂದ ದಿನ. ಆಗ ಮತ್ತೆ ಮಂಡಿಯ ಪ್ರಾರ್ಥನೆ. ಅವಳ ಪಾಲಿನ ಬಗ್ಗೆ ಬರೆದ ಪತ್ರಕ್ಕೆ ಅವರು ಇನ್ನೂ ಉತ್ತರಿಸಿಲ್ಲ. ಮುಂದಿನ ತಿಂಗಳು ಊರಿಗೆ ಹೋದಾಗ ವಕೀಲರನ್ನು ಕಾಣಬೇಕು. ಅದನ್ನೂ ಅವರಿಗೆ ಮೊದಲೇ ತಿಳಿಸಿದ್ದೇನೆ.