ಬೂಷ್ಟು ಹಿಡಿಯದ ಪತ್ತಾಯ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಭಾನುವಾರದ ಮಧ್ಯಾಹ್ನ ಊಟದ ಮೇಜನ್ನು ಒರೆಸಿ, ಅದರ ಮೇಲೆ ಚೌಕುಳಿ ಹಾಳೆ ಹರಡಿ, ನಾವು ಐದು ಮಂದಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಉರುಳಿಸಿ ಕಥೆ ಕಟ್ಟುವ ಆಟ ಆಡಲು ಕೂರುತ್ತೇವೆ. ಕಥೆ ನಡೆಸುವ ಡಿಎಂ ಕೆಲಸ ಮೊದಲಿನಿಂದಲೂ ನನ್ನದು. ಈ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು, ಮತ್ತು ನಾನು ಅತ್ಯಂತ ಕೆಟ್ಟದಾಗಿ ನಿರ್ವಹಿಸಿದ್ದು ಕೂಡ, ವೇಷ ಮರೆಸಿಕೊಂಡು ಕಾಯುವ ಪ್ರಾಣಿಗಳನ್ನು.

ಮಿಮಿಕ್ ಎಂಬ ಪ್ರಾಣಿ, ಪ್ರಾಣಿಗಳ ಪುಸ್ತಕವಾದ 1977ರ ಮಾನ್‌ಸ್ಟರ್ ಮ್ಯಾನುಯಲ್‌ನಿಂದಲೂ ಈ ಆಟದಲ್ಲಿದೆ. ಅದು ಪೆಟ್ಟಿಗೆಯ ಅಥವಾ ಬಾಗಿಲಿನ ರೂಪ ತಾಳಿ ಅಲುಗಾಡದೆ ಕಾಯುತ್ತದೆ. ಮುಟ್ಟಿದವರ ಕೈ ಅದರ ಅಂಟಿಗೆ ಸಿಕ್ಕಿಕೊಳ್ಳುತ್ತದೆ. ನಾನು ಮೊದಲ ಸಲ ಅದನ್ನು ತಂದಾಗ ಎಲ್ಲರೂ ಒಂದನೆಯ ಹಂತದ ಪಾತ್ರಗಳನ್ನು ಆಡುತ್ತಿದ್ದರು. ನನ್ನ ಚಿಕ್ಕಮ್ಮನ ಮಗನ ಪಾತ್ರ ರೋಗ್, ಅಂದರೆ ಬೀಗ ತೆರೆಯುವುದರಲ್ಲಿ ಪಳಗಿದ ಕಳ್ಳ, ಅವನಿಗಿದ್ದದ್ದು 9 ಹಿಟ್ ಪಾಯಿಂಟ್, ಅಂದರೆ ಪ್ರಾಣಬಲದ ಅಂಕ. ಅವನು ಪೆಟ್ಟಿಗೆಯ ಮುಚ್ಚಳ ಹಿಡಿದೊಡನೆ ನಾನು ಇನಿಷಿಯೇಟಿವ್, ಅಂದರೆ ಸರದಿ ನಿರ್ಧರಿಸುವ ದಾಳ, ಕೇಳುವ ಮೊದಲೇ ಮಿಮಿಕ್ ಕಚ್ಚಿತೆಂದು ಹೇಳಿ ದಾಳ ಉರುಳಿಸಿದೆ. 14 ಅಂಕದ ಪೆಟ್ಟು ಬಿತ್ತು, ಅವನು ಪ್ರಜ್ಞೆ ತಪ್ಪಿ ಬಿದ್ದ. ಆಮೇಲೆ ಸರದಿಗಳನ್ನು ನಿರ್ಧರಿಸಿದಾಗ ಮಿಮಿಕ್‌ನದೇ ಮೊದಲ ಸರದಿಯಾಯಿತು. ಬಿದ್ದವನನ್ನು ಪಕ್ಕದಿಂದ ಹೊಡೆದರೆ ಅದು ಕ್ರಿಟಿಕಲ್, ಅಂದರೆ ಹೆಚ್ಚು ಘಾತಕವಾದ ಏಟು, ಆದ್ದರಿಂದ ಸಾವಿನಿಂದ ಪಾರಾಗಲು ಉರುಳಿಸುವ ಡೆತ್ ಸೇವ್‌ಗಳಲ್ಲಿ ಎರಡು ಒಟ್ಟಿಗೆ ಕೈತಪ್ಪಿದವು. ಮೂರನೆಯದನ್ನು ಅವನೇ ಉರುಳಿಸಿದ, 4 ಬಿತ್ತು; ಅದೂ ತಪ್ಪಿ ಪಾತ್ರ ಸತ್ತಿತು. ಉಳಿದ ಮೂವರನ್ನೂ ಅಚ್ಚರಿಗೊಂಡವರೆಂದು ನಾನು ಘೋಷಿಸಿಬಿಟ್ಟಿದ್ದರಿಂದ ಅವರು ನೋಡುತ್ತ ಕೂತಿರಬೇಕಾಯಿತು.

ಅವನು ಜಗಳವಾಡಲಿಲ್ಲ. ದಾಳಗಳನ್ನು ಚೀಲಕ್ಕೆ ತುಂಬುತ್ತ, "ಅಕ್ಕ, ನಾನು ಏನು ಮಾಡಿದ್ದರೆ ತಪ್ಪಿಸಿಕೊಳ್ಳಬಹುದಿತ್ತು, ಹೇಳು" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಿಯಮದ ಪುಸ್ತಕವನ್ನು ಮತ್ತೆ ಓದಿದೆ.

1974ರ ಮೊದಲ ಆವೃತ್ತಿಯಲ್ಲಿ ಅಚ್ಚರಿಯ ನಿಯಮ ಸರಳವಾಗಿತ್ತು: ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ಆ ಗುಂಪು ಬೆಚ್ಚಿಬಿದ್ದಂತೆ. ನಾವು ಆಡುವ 2014ರ ನಿಯಮದಲ್ಲಿ ಅಡಗಿರುವವರ ಸ್ಟೆಲ್ತ್ (ಅಡಗುವ ಜಾಣ್ಮೆ) ಮೊತ್ತವನ್ನು ದಾಳ ಉರುಳಿಸದೆಯೇ ಎದುರಿನವರಿಗಿರುವ ಗಮನಶಕ್ತಿಯ ಸಂಖ್ಯೆ, ಅಂದರೆ ಪ್ಯಾಸಿವ್ ಪರ್ಸೆಪ್ಷನ್‌ನೊಂದಿಗೆ, ಒಬ್ಬೊಬ್ಬರದನ್ನೂ ಪ್ರತ್ಯೇಕವಾಗಿ, ಹೋಲಿಸಬೇಕು. ಅಪಾಯವನ್ನು ಗಮನಿಸದವರು ಮಾತ್ರ ಅಚ್ಚರಿಗೊಳ್ಳುತ್ತಾರೆ. ಮೊದಲು ಎಲ್ಲರೂ ಇನಿಷಿಯೇಟಿವ್ ಉರುಳಿಸಬೇಕು. ಅಚ್ಚರಿಗೊಂಡವರು ತಮ್ಮ ಮೊದಲ ಸರದಿಯಲ್ಲಿ ಚಲಿಸುವಂತಿಲ್ಲ, ಏನನ್ನೂ ಮಾಡುವಂತಿಲ್ಲ, ಆ ಸರದಿ ಮುಗಿಯುವವರೆಗೆ ಪ್ರತಿಕ್ರಿಯಿಸುವಂತೆಯೂ ಇಲ್ಲ. ಸರದಿಯ ಹೊರಗೆ ಪುಕ್ಕಟೆಯಾಗಿ ಒಂದು ಏಟು ಹಾಕುವ ಅವಕಾಶ ಅದರಲ್ಲಿ ಇಲ್ಲವೇ ಇಲ್ಲ. ಆ ಹುಡುಗನ ಪಾತ್ರ ಸತ್ತದ್ದು ನಾನು ನಿಯಮದಲ್ಲಿಲ್ಲದ ಒಂದು ಕಚ್ಚನ್ನು ಸೇರಿಸಿದ್ದರಿಂದ. 2024ರ ಪರಿಷ್ಕೃತ ನಿಯಮದಲ್ಲಿ ಅಚ್ಚರಿಗೊಂಡವರು ಸರದಿ ಕಳೆದುಕೊಳ್ಳುವುದಿಲ್ಲ, ಇನಿಷಿಯೇಟಿವ್‌ಗೆ ಎರಡು ದಾಳ ಉರುಳಿಸಿ ಕಡಿಮೆಯದನ್ನು ಇಟ್ಟುಕೊಳ್ಳುತ್ತಾರೆ. ಹೊಸಬರಿಗೆ ಅದು ಒಳ್ಳೆಯದೆಂದು ನನಗೂ ಅನ್ನಿಸುತ್ತದೆ. ಆದರೆ ತಿಂಗಳುಗಟ್ಟಲೆ ಕಾದು ಕೂತ ಪ್ರಾಣಿಗೆ ಅಷ್ಟು ಮಾತ್ರದ ಫಲ ಸಾಲದು ಎಂಬ ಕಾರಣಕ್ಕೆ ನಾವು ಹಳೆಯದನ್ನೇ ಉಳಿಸಿಕೊಂಡಿದ್ದೇವೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಮಿಮಿಕ್ ಅಲುಗಾಡದೆ ಇರುವಷ್ಟು ಹೊತ್ತು ಅದನ್ನು ಸಾಮಾನ್ಯ ವಸ್ತುವಿನಿಂದ ಬೇರ್ಪಡಿಸಿ ಗುರುತಿಸಲಾಗದು ಎಂದು ನಿಯಮವೇ ಹೇಳುತ್ತದೆ. ಪೊದೆಯ ಹಿಂದೆ ಅಡಗಿದವನು ಕಣ್ಣಿಗೆ ಬೀಳುವುದಿಲ್ಲ; ಮಿಮಿಕ್ ಕಣ್ಣಿಗೆ ಬೀಳುತ್ತದೆ, ಆದರೆ ಅದು ಏನೆಂಬುದು ತಿಳಿಯುವುದಿಲ್ಲ. ಹಾಗಾದರೆ ಚುರುಕುಗಣ್ಣಿನ ಆಟಗಾರನಿಗೆ ಉಳಿಯುವ ದಾರಿ ಯಾವುದು? ನನಗೆ ಹೊಳೆದದ್ದಿಷ್ಟು: ವೇಷ ಎಷ್ಟೇ ಪರಿಪೂರ್ಣವಾಗಿದ್ದರೂ, ಬದುಕಿರುವ ಪ್ರಾಣಿ ತಾನಿರುವ ಜಾಗವನ್ನು ಬದಲಿಸದೆ ಇರಲಾರದು. ಪ್ರಾಣಿಯ ಮೈಮೇಲೆ ಹುಡುಕಿದರೆ ಸಿಗದ ಸುಳಿವನ್ನು ಅದರ ಸುತ್ತ ಇಡಬೇಕು.

ಆ ಸುಳಿವು ನನಗೆ ಸಿಕ್ಕಿದ್ದು ಚಿಕ್ಕಮ್ಮನ ಹಳೆಯ ಮನೆಯಲ್ಲಿ. ಮಲೆನಾಡಿನ ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಮರದ ಬಾಗಿಲು, ಯಾವುದಕ್ಕೂ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ಅಟ್ಟದ ಕೆಳಗಿನ ಕತ್ತಲೆ ಕೋಣೆಯಲ್ಲಿ ಭತ್ತ ತುಂಬುವ ಪತ್ತಾಯದ ಮೇಲೆ ಬೆರಳಾಡಿಸಿದಾಗ ಬೂದುಬಿಳಿ ಪುಡಿ ತುದಿಗೆ ಹತ್ತಿಕೊಂಡಿತು, ಮೂಲೆಯಲ್ಲಿ ಇಲಿಹಿಕ್ಕೆ ಬಿದ್ದಿತ್ತು. ಇಂಥ ನಾಲ್ಕು ಪತ್ತಾಯಗಳು ಸಾಲಾಗಿದ್ದು, ಅವುಗಳಲ್ಲಿ ಒಂದಕ್ಕೆ ಮಾತ್ರ ಬೂಷ್ಟು ಹಿಡಿಯದೆ, ಅದರ ಬುಡದಲ್ಲಿ ಒಂದೂ ಹಿಕ್ಕೆ ಇಲ್ಲದಿದ್ದರೆ ನೋಡುವವರಿಗೆ ಏನನ್ನಿಸಬೇಕು ಎಂದು ಅಲ್ಲಿಯೇ ನಿಂತು ಯೋಚಿಸಿದೆ.

ಸುಳಿವನ್ನು ತಲುಪಿಸುವ ಬಗೆಯೂ ಮುಖ್ಯ. "ಪರ್ಸೆಪ್ಷನ್ ಉರುಳಿಸಿ" ಎಂದು ಕೇಳಿದರೆ ಇಲ್ಲಿ ಏನೋ ಇದೆ ಎಂದು ಸಾರಿದಂತೆಯೇ. ದಾಳದಲ್ಲಿ 3 ಬಿದ್ದವರೂ ಪೆಟ್ಟಿಗೆಯಿಂದ ದೂರ ಸರಿಯುತ್ತಾರೆ. ಆದ್ದರಿಂದ ಪ್ರತಿಯೊಬ್ಬರ ಪ್ಯಾಸಿವ್ ಸಂಖ್ಯೆಯನ್ನು, ಅಂದರೆ 10ಕ್ಕೆ ಅವರ ಪರ್ಸೆಪ್ಷನ್ ಅಂಕ ಕೂಡಿಸಿದ್ದನ್ನು, ಆಟಕ್ಕೆ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಸಂಖ್ಯೆ 14 ಅಥವಾ ಹೆಚ್ಚಿರುವವರಿಗೆ ಕಂಡದ್ದನ್ನು ಸಣ್ಣ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಏನೂ ವಿಶೇಷವಿಲ್ಲದ ಕೋಣೆಗಳಲ್ಲಿಯೂ ಆಗಾಗ ಚೀಟಿ ದಾಟಿಸುವುದರಿಂದ ಚೀಟಿಯೇ ಎಚ್ಚರಿಕೆಯಾಗುವುದಿಲ್ಲ. ಚೀಟಿಯಲ್ಲಿ ಕಂಡ ಸಂಗತಿ ಮಾತ್ರ ಇರುತ್ತದೆ, ಅದರ ಅರ್ಥ ಇರುವುದಿಲ್ಲ. ಅರ್ಥ ಹುಡುಕುವುದು ಆಟಗಾರರ ಪಾಲಿನ ಸಂತೋಷ, ಅದನ್ನು ನಾನು ಕಸಿದುಕೊಳ್ಳಬಾರದು.

ಗಾರ್ಗಾಯ್ಲ್ ಕಲ್ಲಿನ ವಿಗ್ರಹದಂತೆ ನಿಲ್ಲುವ ಪ್ರಾಣಿ. ಅದಕ್ಕೆ ಬೇಲೂರಿನ ಚೆನ್ನಕೇಶವ ದೇವಾಲಯದ ಹೊರಗೋಡೆಯ 38 ಮದನಿಕೆಯರನ್ನು ಎಣಿಸುತ್ತ ಪ್ರದಕ್ಷಿಣೆ ಬಂದ ಒಂದು ಬೆಳಗು ನೆರವಾಯಿತು. ನನ್ನ ಕಥೆಯ ಪಾಳುಗೋಪುರದಲ್ಲಿ ಮೊದಲ ದಿನ 12 ವಿಗ್ರಹಗಳಿವೆ ಎಂದು ವರ್ಣಿಸಿದ್ದೆ, ಎರಡು ವಾರ ಬಿಟ್ಟು ಅವರು ಹಿಂದಿರುಗಿದಾಗ 13 ಎಂದೆ. ಟಿಪ್ಪಣಿ ಬರೆದುಕೊಂಡಿದ್ದವಳೊಬ್ಬಳೇ ತಲೆಯೆತ್ತಿದಳು. ಅವಳ ಪಾತ್ರದ ಪ್ಯಾಸಿವ್ ಸಂಖ್ಯೆ ಬರೀ 9. ಆದರೂ ಅವಳು ಅಚ್ಚರಿಗೊಂಡಿಲ್ಲವೆಂದು ತೀರ್ಪು ಕೊಟ್ಟೆ, ಏಕೆಂದರೆ ಅಪಾಯವನ್ನು ಆಟಗಾರ್ತಿಯೇ ಗಮನಿಸಿದ್ದಳು. ಇದು ಪುಸ್ತಕದ ಅಕ್ಷರಕ್ಕೆ ಹೊಂದದೆಂದು ವಾದಿಸುವವರಿದ್ದಾರೆ; ನಾನು ಆ ತೀರ್ಪನ್ನು ಬದಲಿಸುವವಳಲ್ಲ.

ಇಂಥ ಪ್ರಾಣಿಗಳನ್ನು ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚು ತರುವುದಿಲ್ಲ. ಮೊದಲ ಮಿಮಿಕ್‌ನ ನಂತರ ಕೆಲವು ವಾರ ನಮ್ಮವರು ಕಂಡಕಂಡ ಕುರ್ಚಿಗೂ ಈಟಿ ಚುಚ್ಚಿ ಮುಂದೆ ಹೋಗುತ್ತಿದ್ದರು, ಕಥೆ ನಿಂತೇ ಹೋಗಿತ್ತು.

ಕಳೆದ ಮಳೆಗಾಲದಲ್ಲಿ ಪತ್ತಾಯದ ಕೋಣೆಯನ್ನು ಆಡಿಸಿದೆ. ಪಾತ್ರಗಳು ಆಗ ಮೂರನೆಯ ಹಂತಕ್ಕೆ ಬಂದಿದ್ದವು, ಚಿಕ್ಕಮ್ಮನ ಮಗ ಹೊಸದೊಂದು ರೋಗ್ ಆಡುತ್ತಿದ್ದ. ಚೀಟಿ ಅವನೊಬ್ಬನಿಗೇ ಹೋಯಿತು: "ನಾಲ್ಕನೆಯದಕ್ಕೆ ಬೂಷ್ಟು ಹಿಡಿದಿಲ್ಲ." ಅವನು ಅದನ್ನು ಎರಡು ಸಲ ಓದಿದ. "ಈ ಮಳೆಯಲ್ಲಿ ಬೂಷ್ಟು ಯಾಕಿಲ್ಲ?" ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವಳು ತನ್ನ ಕುಳ್ಳ ಯೋಧ ಮುಚ್ಚಳದ ಮೇಲೆ ಕೈಯಿಟ್ಟನೆಂದು ಹೇಳಿಯಾಗಿತ್ತು. ಎಲ್ಲರಿಗೂ ಇನಿಷಿಯೇಟಿವ್ ಕೇಳಿದೆ. ಮೂವರು ಅಚ್ಚರಿಗೊಂಡರು, ಅವನು ಅಲ್ಲ. ಅವನದೇ ಮೊದಲ ಸರದಿ. ಜೊತೆಗಾರ ಮಿಮಿಕ್‌ಗೆ ಅಂಟಿಕೊಂಡು ಪಕ್ಕದಲ್ಲೇ ಇದ್ದುದರಿಂದ ರೋಗ್‌ನ ಹೆಚ್ಚುವರಿ ಪೆಟ್ಟಾದ ಸ್ನೀಕ್ ಅಟ್ಯಾಕ್‌ನ ಎರಡು ದಾಳಗಳೂ ಅವನಿಗೆ ಸಿಕ್ಕವು. ಉರುಳಿಸುವ ಮೊದಲು ಚೀಟಿಯನ್ನು ಮಡಚಿ ತನ್ನ ದಾಳದ ಚೀಲದೊಳಗೆ ಇಟ್ಟುಕೊಂಡ.