ಕೊನೆಯ ಕುಣಿಕೆ ಹಾಕಿದ ಮೇಲೆ

ಈ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ನಾಲ್ಕು ಕೆಲಸಗಳು ಮುಗಿದವು. ತಂಗಿಯ ಮೊಮ್ಮಗುವಿಗೆ ಕುಲಾವಿ ಮತ್ತು ಸ್ವೆಟರ್, ತಲೆಬಾಗಿಲಿಗೆ ಬಿಳಿ ನೂಲಿನಲ್ಲಿ ಕೊಕ್ಕೆಯಿಂದ ಹೆಣೆದ ಕ್ರೋಶಾ ತೋರಣ, ನನಗೆಂದೇ ಒಂದು ಉಣ್ಣೆಯ ಶಾಲು, ಪಕ್ಕದ ಮನೆಯ ಹುಡುಗಿಯ ಧಾರೆ ಸೀರೆಗೆ ಕುಚ್ಚು. ಮುಗಿದವು ಎಂದೆನಲ್ಲ, ನನ್ನ ತಕರಾರು ಇರುವುದೇ ಆ ಮಾತಿನ ಮೇಲೆ. ಕೊನೆಯ ಸಾಲಿನ ಕೊನೆಯ ಕುಣಿಕೆ ಹಾಕಿದ ಕೂಡಲೇ ನಾವು ಕತ್ತರಿ ಎತ್ತಿಕೊಳ್ಳುತ್ತೇವೆ, ಎರಡು ಗಂಟು ಬಿಗಿಯುತ್ತೇವೆ, ಫೋಟೊ ತೆಗೆದು ನಾಲ್ಕು ಜನಕ್ಕೆ ಕಳುಹಿಸುತ್ತೇವೆ. ಇಪ್ಪತ್ತು ದಿನ ಕೂತು ಹೆಣೆದದ್ದನ್ನು ಎರಡು ನಿಮಿಷದಲ್ಲಿ ಕೆಡಿಸುವ ವಿದ್ಯೆ ಇದು. ಹಲವು ವರ್ಷ ನಾನೂ ಹೀಗೆಯೇ ಮಾಡಿದವಳು.

ನಮ್ಮದು ಚಿಕ್ಕಬಳ್ಳಾಪುರ. ನಂದಿಬೆಟ್ಟದ ಮಂಜು ಬೆಳಗಿನ ಹೊತ್ತು ಊರಿನೊಳಕ್ಕೂ ಇಳಿಯುತ್ತದೆ. ದೀಪಾವಳಿ ಕಳೆದ ಮೇಲೆ ಹಳೆಯ ಟ್ರಂಕಿನಿಂದ ಹೊರಬರುವ ಉಲ್ಲನ್ ಉಂಡೆಗಳು ಸಂಕ್ರಾಂತಿಯ ಹೊತ್ತಿಗೆ ಟೋಪಿ, ಸ್ವೆಟರ್‌ಗಳಾಗಿ ಎಳ್ಳು-ಬೆಲ್ಲದ ಜೊತೆ ಮನೆಮನೆಗೆ ಹೋಗುತ್ತವೆ. ಹಾಗೆ ಕೈ ದಾಟಿಸುವ ಮೊದಲು ಏನೇನು ಮಾಡಬೇಕು ಎಂಬುದನ್ನು ಈ ನಾಲ್ಕು ವಸ್ತುಗಳನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಕಡ್ಡಿಯಿಂದ ಇಳಿಸುವಾಗ

ಸ್ವೆಟರ್ ತೊಡಿಸಲು ಹೋದ ದಿನ ಮಗುವಿಗೆ ಐದು ತಿಂಗಳು. ತಲೆ ಅರ್ಧ ಒಳಗೆ ಹೋಯಿತು, ಕತ್ತಿನ ಪಟ್ಟಿ ಹಣೆಯ ಮೇಲೆ ಕಚ್ಚಿಕೊಂಡು ನಿಂತಿತು. ಉಲ್ಲನ್ ಒಳಗಿನಿಂದ ಅಳು, ಹೊರಗೆ ತಂಗಿಯ ನಗು. ಸ್ವೆಟರಿನ ಅಳತೆ ಸರಿಯಾಗಿಯೇ ಇತ್ತು. ಕುಣಿಕೆಗಳು ಬಿಚ್ಚಿಕೊಳ್ಳದಂತೆ ಕೊನೆಯ ಸಾಲನ್ನು ಮುಚ್ಚುವಾಗ ನೂಲನ್ನು ನಾನು ಬಿಗಿಯಾಗಿ ಎಳೆದಿದ್ದೆ. ಹೆಣಿಗೆ ಎಷ್ಟೇ ಹಿಗ್ಗಲಿ, ಮುಚ್ಚಿದ ಅಂಚು ಹಿಗ್ಗದಿದ್ದರೆ ತಲೆ ತೂರುವುದಿಲ್ಲ.

ಇದಕ್ಕೆ ಉಪಾಯ ಬಹಳ ಸುಲಭ. ಮುಚ್ಚುವ ಸಾಲಿಗೆ ಮಾತ್ರ ದಪ್ಪ ಕಡ್ಡಿ ಬಳಸಿ. ನಾನು 10ನೇ ನಂಬರಿನಲ್ಲಿ ಹೆಣೆದಿದ್ದೆ, ಬಿಚ್ಚಿ 8ನೇ ನಂಬರಿನಲ್ಲಿ ಮುಚ್ಚಿದೆ. ಹೊಸಬರು ಇಲ್ಲಿ ಎಡವುತ್ತಾರೆ: ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳ ಮೇಲಿರುವುದು ಹಳೆಯ ಬ್ರಿಟಿಷ್ ಲೆಕ್ಕ, ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25, 12 ಎಂದರೆ 2.75.

ಕ್ರೋಶಾದಲ್ಲಿ ಈ ರಗಳೆ ಇಲ್ಲ. ಕೊನೆಯ ಕುಣಿಕೆಯೊಳಗೆ ನೂಲನ್ನು ಪೂರ್ತಿ ಎಳೆದುಕೊಂಡರೆ ಮುಗಿಯಿತು.

ತುದಿ ಅಡಗಿಸುವುದು

ಕತ್ತರಿಸುವಾಗ ಸುಮಾರು 15 ಸೆಂಟಿಮೀಟರ್ ಆದರೂ ನೂಲು ಬಿಡಿ. ನೂಲಿನಲ್ಲಿ ಜಿಪುಣತನ ತೋರಿಸುವ ಜಾಗ ಇದಲ್ಲ. ತುದಿ ಮೊಂಡಾಗಿರುವ, ಕಣ್ಣು ದೊಡ್ಡದಾಗಿರುವ ಸೂಜಿ ತೆಗೆದುಕೊಳ್ಳಿ. ಚೂಪು ಸೂಜಿ ನೂಲನ್ನೇ ಸೀಳಿಕೊಂಡು ಹೋಗುತ್ತದೆ. ಬಟ್ಟೆಯನ್ನು ಮಗುಚಿ, ಹಿಂಬದಿಯಲ್ಲಿ ಎದ್ದು ಕಾಣುವ ಉಬ್ಬುಗಳ ಕೆಳಗೆ ಸೂಜಿಯನ್ನು ಒಂದೇ ದಿಕ್ಕಿನಲ್ಲಿ ನಾಲ್ಕೈದು ಸೆಂಟಿಮೀಟರ್ ಸಾಗಿಸಿ. ಈಗ ಒಂದು ಎಳೆಯನ್ನು ದಾಟಿ, ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ನೂಲನ್ನು ತಡೆದು ನಿಲ್ಲಿಸುವುದು ಈ ತಿರುವೇ. ಒಂದೇ ದಿಕ್ಕಿನಲ್ಲಿ ಹೋದ ನೂಲು ನಾಲ್ಕನೇ ಒಗೆತಕ್ಕೆ ಮೂತಿ ಹೊರಗೆ ಹಾಕುತ್ತದೆ. ಬಟ್ಟೆಯನ್ನು ಅಡ್ಡಕ್ಕೂ ಉದ್ದಕ್ಕೂ ಒಮ್ಮೆ ಎಳೆದು ನೋಡಿ, ನೂಲು ತನ್ನ ಜಾಗ ಹುಡುಕಿಕೊಳ್ಳಲಿ. ಆಗಲೂ ಕತ್ತರಿಸಬೇಡಿ. ಒಗೆದು ಒಣಗಿದ ಮೇಲೆ ಕತ್ತರಿಸಿ.

ಗಂಟು ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಗಂಟು ಇವತ್ತು ಹಿಂದೆ ಇರುತ್ತದೆ, ನಾಳೆ ಮುಂದೆ ಬರುತ್ತದೆ, ಮಲಗಿದ ಮಗುವಿನ ಬೆನ್ನಿಗೆ ಒತ್ತುತ್ತದೆ. ಕೂಸಿನ ಕೈಗವಸು, ಕಾಲುಚೀಲ ಹೆಣೆಯುವವರು ಇನ್ನೂ ಒಂದು ಕೆಲಸ ಮಾಡಬೇಕು: ಒಳಬದಿ ಹೊರಗೆ ಮಾಡಿ, ಒಂದೇ ಒಂದು ಸಡಿಲ ಎಳೆಯೂ ಉಳಿದಿಲ್ಲ ಎಂದು ಬೆರಳಾಡಿಸಿ ನೋಡಬೇಕು. ಸಡಿಲ ಎಳೆ ಎಳೆಗೂಸಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡದೆ ಬೆರಳು ಬಾತುಕೊಳ್ಳುತ್ತದೆ, ಮಗು ಯಾಕೆ ಅಳುತ್ತಿದೆ ಎಂದು ಮೇಲಿನಿಂದ ತಿಳಿಯುವುದೂ ಇಲ್ಲ. ಕುಲಾವಿಗೆ ಕತ್ತಿನ ಕೆಳಗೆ ಕಟ್ಟುವ ಉದ್ದನೆಯ ದಾರವೂ ಬೇಡ. ನೋಡಲು ಮುದ್ದಾಗಿರುತ್ತದೆ ನಿಜ, ಆದರೂ ಬೇಡ.

ನೂಲು ಯಾವುದು?

ಒಗೆಯುವ ಮೊದಲು ಇದು ಗೊತ್ತಿರಬೇಕು. ಅಂಗಡಿಯಲ್ಲಿ ಉಲ್ಲನ್ ಎಂದು ಕೇಳಿದರೆ ಕೊಡುವುದು ಬಹುಪಾಲು ಅಕ್ರಿಲಿಕ್, ಕುರಿಯ ಮುಖ ಕಾಣದ ನೂಲು. ಉಂಡೆಯ ಮೇಲಿನ ಚೀಟಿ ಕಳೆದುಹೋಗಿದ್ದರೆ ಎರಡು ಅಂಗುಲ ತುಂಡನ್ನು ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾಗಿ ನಿಂತರೆ ಅಕ್ರಿಲಿಕ್ಕಿನಂಥ ಕೃತಕ ನೂಲು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಇಷ್ಟು ಹತ್ತಿರ ಇದ್ದರೂ, ಕುಚ್ಚಿಗೆಂದು ನಾವು ಕೊಳ್ಳುವ ‘ಸಿಲ್ಕ್ ದಾರ’ ಬಹಳ ಸಲ ಈ ಪರೀಕ್ಷೆಯಲ್ಲಿ ಕಾಗದದ ವಾಸನೆ ಕೊಡುತ್ತದೆ. ಅದರಿಂದ ಕುಚ್ಚಿಗೆ ನಷ್ಟವೇನೂ ಇಲ್ಲ, ಗೊತ್ತಿದ್ದರೆ ಒಳ್ಳೆಯದು ಅಷ್ಟೆ.

ನೀರು ಮತ್ತು ಬಿದಿರಿನ ತಟ್ಟೆ

ಹೆಣೆದ ವಸ್ತು ಕಡ್ಡಿಯಿಂದ ಇಳಿದಾಗ ಮುದುಡಿದಂತೆ, ಒಂದು ಕುಣಿಕೆ ದಪ್ಪ ಒಂದು ಸಣ್ಣ ಎನ್ನುವಂತೆ ಕಾಣುತ್ತದೆ. ನೀರಿನಲ್ಲಿ ನೆನೆಸಿ, ಬೇಕಾದ ಅಳತೆಗೆ ಹರಡಿ ಒಣಗಿಸಿದರೆ ಕುಣಿಕೆಗಳು ಪರಸ್ಪರ ಹೊಂದಿಕೊಂಡು ಕೂರುತ್ತವೆ. ಇದಕ್ಕೆ ಬ್ಲಾಕಿಂಗ್ ಎನ್ನುತ್ತಾರೆ. ಶಾಲಿನ ಜಾಲರಿ ವಿನ್ಯಾಸ ಕಣ್ಣು ಬಿಡುವುದು ಇದಾದ ಮೇಲೆಯೇ. ಅಲ್ಲಿಯವರೆಗೆ ನನ್ನ ಶಾಲು ಹಿಂಡಿಟ್ಟ ಒರೆಸುವ ಬಟ್ಟೆಯಂತಿತ್ತು.

ಉಣ್ಣೆಯಾದರೆ ತಣ್ಣೀರಿಗೆ ಒಂದಿಷ್ಟು ಅಂಟುವಾಳದ ರಸ ಅಥವಾ ಸೌಮ್ಯವಾದ ದ್ರವ ಸಾಬೂನು ಬೆರೆಸಿ, ಇಪ್ಪತ್ತು ನಿಮಿಷ ಸುಮ್ಮನೆ ಮುಳುಗಿಸಿಡಿ. ಉಜ್ಜಬೇಡಿ, ತಿರುಚಬೇಡಿ. ಉಣ್ಣೆಯ ಎಳೆಯ ಮೈಮೇಲೆ ಮೀನಿಗಿರುವಂತೆ ಸೂಕ್ಷ್ಮ ಹುರುಪೆಗಳಿವೆ. ಬಿಸಿನೀರು, ಸಾಬೂನು, ಉಜ್ಜಾಟ ಮೂರೂ ಸೇರಿದರೆ ಅವು ಒಂದನ್ನೊಂದು ಕಚ್ಚಿಕೊಂಡು ಶಾಲು ಗೊಂಬೆಯ ಕಂಬಳಿಯಾಗುತ್ತದೆ. ಹಾಗಾದದ್ದನ್ನು ಬಿಡಿಸಲು ಬರುವುದಿಲ್ಲ. ನೆನೆದ ಮೇಲೆ ಎರಡೂ ಕೈಯಲ್ಲಿ ಬೊಗಸೆ ಮಾಡಿ ಎತ್ತಿ. ತುದಿ ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಜೋತು ಬೀಳುತ್ತದೆ. ಒಣ ಟವೆಲ್ ಮೇಲೆ ಹರಡಿ, ಚಾಪೆಯಂತೆ ಸುರುಳಿ ಸುತ್ತಿ, ಆ ಸುರುಳಿಯ ಮೇಲೆ ನಿಂತು ತುಳಿಯಿರಿ. ನೀರೆಲ್ಲ ಟವೆಲಿಗೆ ಹೋಗುತ್ತದೆ.

ಹರಡುವುದು ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಪೇಟೆಯವರು ಇದಕ್ಕೆಂದೇ ರಬ್ಬರ್ ಹಾಸು ಕೊಳ್ಳುತ್ತಾರೆ. ನಮ್ಮ ಕಡೆ ರೇಷ್ಮೆ ಹುಳು ಸಾಕಿದ ಮನೆಗಳಲ್ಲಿ ದೊಡ್ಡ ಬಿದಿರಿನ ತಟ್ಟೆಗಳಿವೆ. ಹುಳುಗಳಿಗೆ ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದ ಮೇಲೆ ಎಷ್ಟೋ ತಟ್ಟೆಗಳು ಅಟ್ಟ ಸೇರಿವೆ. ಅಂಥದೊಂದನ್ನು ಕೇಳಿ ತಂದೆ. ಮೇಲೆ ಹಳೆಯ ಪಂಚೆ ಹಾಸಿದರೆ ಬಿದಿರಿನ ಸಿಬಿರು ನೂಲಿಗೆ ತಾಗುವುದಿಲ್ಲ. ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿದರೆ ಗಾಳಿ ಎರಡೂ ಕಡೆಯಿಂದ ಆಡುತ್ತದೆ. ತುಕ್ಕು ಹಿಡಿಯದ ಗುಂಡುಪಿನ್ನುಗಳನ್ನು ಪಂಚೆಗೂ ಬಿದಿರಿನ ಸಂದಿಗೂ ಸೇರಿಸಿ, ಮೊದಲು ನಾಲ್ಕು ಮೂಲೆ, ಆಮೇಲೆ ಅಂಚಿನ ಉದ್ದಕ್ಕೂ ಎರಡು ಮೂರು ಸೆಂಟಿಮೀಟರಿಗೆ ಒಂದರಂತೆ ಚುಚ್ಚಿ. ಟೇಪು ಹಿಡಿದು ಎರಡೂ ಬದಿಯ ಅಳತೆ ಸರಿಹೋಯಿತೇ ನೋಡಿ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ತಾಲ್ಲೂಕಿನದು, ಕಣ್ಣಂದಾಜಿನ ಕೆಲಸ ಇಲ್ಲಿ ಶೋಭಿಸುವುದಿಲ್ಲ. ಪೂರ್ತಿ ಒಣಗುವ ತನಕ ಪಿನ್ನು ಕೀಳಬೇಡಿ. ಮಂಜಿನ ದಿನಗಳಲ್ಲಿ ನನ್ನ ಶಾಲಿಗೆ ಎರಡು ದಿನ ಹಿಡಿಯಿತು. ಬಿಸಿಲಿಗೆ ಇಡಬಾರದು, ಬಣ್ಣ ಹೋಗುತ್ತದೆ.

ಅಕ್ರಿಲಿಕ್ಕಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ಒಗೆದು ಮಟ್ಟಸವಾಗಿ ಹರಡಿದರೆ ಸಾಕು. ಇಸ್ತ್ರಿಪೆಟ್ಟಿಗೆ ಮಾತ್ರ ಹತ್ತಿರ ತರಬೇಡಿ. ಬಿಸಿ ತಗುಲಿದರೆ ನೂಲು ಸತ್ತಂತಾಗಿ ಜೋಲು ಬೀಳುತ್ತದೆ, ಕುಲಾವಿಯ ಪಟ್ಟಿ ಮತ್ತೆ ಕುಗ್ಗುವುದೇ ಇಲ್ಲ.

ತೋರಣಕ್ಕೆ ಗಂಜಿ, ಕುಚ್ಚಿಗೆ ಹಬೆ

ಹತ್ತಿಯ ತೋರಣ ಬಾಗಿಲಲ್ಲಿ ಸೆಟೆದು ನಿಲ್ಲಬೇಕಾದರೆ ಗಂಜಿ ಬೇಕು. ಅನ್ನ ಬಸಿದ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಅಷ್ಟೇ ನೀರು ಬೆರೆಸಿ. ಒಗೆದು ಹಿಂಡಿದ ತೋರಣವನ್ನು ಅದರಲ್ಲಿ ಅದ್ದಿ, ಅಂಗೈಗಳ ನಡುವೆ ಒತ್ತಿ ತೆಗೆಯಿರಿ. ಜಾಲರಿಯ ಕಣ್ಣುಗಳಲ್ಲಿ ಗಂಜಿ ಪೊರೆ ಕಟ್ಟಿದ್ದರೆ ಬಾಯಿಯಲ್ಲಿ ಊದಿ ಬಿಡಿಸಿ. ಪ್ರತಿ ಎಲೆಯ ತುದಿಗೂ ಒಂದು ಪಿನ್ನು ಚುಚ್ಚಿ ನೆರಳಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಹಿಂಬದಿಯಿಂದ ಇಸ್ತ್ರಿ ಮಾಡಿ. ಕಂಬಳಿ ನೇಯುವವರು ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದದ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಬಿಳಿ ತೋರಣಕ್ಕೆ ಅಕ್ಕಿಯದೇ ಸರಿ. ಹಬ್ಬ ಮುಗಿದು ಎತ್ತಿಡುವಾಗ ಗಂಜಿಯನ್ನು ತೊಳೆದು ತೆಗೆಯಲೇಬೇಕು, ಇಲ್ಲವಾದರೆ ಜಿರಲೆಗಳಿಗೆ ನೀವೇ ಊಟ ಬಡಿಸಿದಂತೆ.

ಕುಚ್ಚನ್ನು ನೆನೆಸುವ ಪ್ರಶ್ನೆಯೇ ಇಲ್ಲ. ಕೆಂಪು, ಕಡುನೀಲಿ ದಾರಗಳು ಬಣ್ಣ ಬಿಡುತ್ತವೆಯೇ ಎಂದು ಕೆಲಸ ಶುರು ಮಾಡುವ ಮೊದಲೇ ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿರಬೇಕು. ಮುಗಿದ ಮೇಲೆ ಕುದಿಯುವ ನೀರಿನ ಹಬೆಗೆ ಕುಚ್ಚಿನ ತುದಿಗಳನ್ನಷ್ಟೇ ಕ್ಷಣಕಾಲ ಹಿಡಿದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಕಾಗದದ ಪಟ್ಟಿ ಸುತ್ತಿ ಒಂದೇ ಮಟ್ಟಕ್ಕೆ ಕತ್ತರಿಸಿ. ಹಬೆಯ ಹನಿ ಸೀರೆಯ ಮೇಲೆ ಬೀಳದಂತೆ ಸೆರಗನ್ನು ಟವೆಲಿನಲ್ಲಿ ಸುತ್ತಿಟ್ಟುಕೊಳ್ಳುವುದು ಒಳ್ಳೆಯದು.

ತೋರಿಸುವಾಗ ಏನು ಹೇಳಬೇಕು

ಫೋಟೊಗೆ ಬೆಳಗಿನ ಬೆಳಕು, ಜಗಲಿ, ಕೆಳಗೊಂದು ಕಪ್ಪು ಬಟ್ಟೆ ಸಾಕು. ಫ್ಲ್ಯಾಷ್ ಬೇಡ, ಹೆಣಿಗೆಯ ಉಬ್ಬುತಗ್ಗು ಅಳಿಸಿಹೋಗುತ್ತದೆ. ಪಕ್ಕದಲ್ಲಿ ಸ್ಕೇಲು ಇಟ್ಟರೆ ಗಾತ್ರ ತಿಳಿಯುತ್ತದೆ.

ಫೋಟೊಗಿಂತ ಮುಖ್ಯವಾದದ್ದು ಜೊತೆಗಿನ ವಿವರ. ಚೆನ್ನಾಗಿದೆ ಎಂದವರ ಮುಂದಿನ ಮಾತು ‘ಹೇಗೆ ಮಾಡಿದಿರಿ’ ಎಂಬುದೇ. ತೋರಣ ನೋಡಿ ಚಿಂತಾಮಣಿಯ ಗೆಳತಿ ಕೇಳಿದಾಗ ನಾನು ಸರಪಳಿ ಇಷ್ಟು, ಡಬಲ್ ಕ್ರೋಶೆ ಇಷ್ಟು ಎಂದು ಬರೆದು ಕಳುಹಿಸಿದೆ. ತಿಂಗಳ ಮೇಲೆ ಅವಳ ತೋರಣ ಬಂತು: ನನ್ನದು ಗೇಣುದ್ದ, ಅವಳದು ನಾಲ್ಕು ಬೆರಳು. ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುತ್ತಾರೆ. ನಾನು ಕಲಿತದ್ದು ಅಮೆರಿಕದ ವಿಡಿಯೊ ನೋಡಿ, ಅವಳು ಹಳೆಯ ಬ್ರಿಟಿಷ್ ಪುಸ್ತಕ ನೋಡಿ. ಅಂದಿನಿಂದ ಹೆಸರು ಬರೆಯುವುದನ್ನು ಬಿಟ್ಟು ಕ್ರಿಯೆಯನ್ನೇ ಬರೆಯುತ್ತೇನೆ: ‘ಕಂಬ, ಅಂದರೆ ಕೊಕ್ಕೆಗೆ ಒಮ್ಮೆ ನೂಲು ಸುತ್ತಿ ಒಳಗೆ ತೂರಿಸಿ ಎಳೆದು, ಎರಡೆರಡು ಕುಣಿಕೆಯಂತೆ ಎರಡು ಸಲ ಬಿಡುವುದು.’ ಅವಳು ಬಿಚ್ಚಲಿಲ್ಲ. ನಾಲ್ಕು ಬೆರಳಿನ ತೋರಣ ದೇವರ ಗೂಡಿಗೆ ಅಳೆದು ಮಾಡಿಸಿದಂತೆ ಕೂತಿದೆಯಂತೆ.

ಕುಲಾವಿಯ ಚೀಟಿ ಹೀಗಿತ್ತು: ‘ಅಕ್ರಿಲಿಕ್ ನೂಲು. 10ನೇ ನಂಬರಿನ ಕಡ್ಡಿ. 10 ಸೆಂಟಿಮೀಟರಿಗೆ 26 ಕುಣಿಕೆ. ಒಟ್ಟು 100 ಕುಣಿಕೆ. ಪಟ್ಟಿಗೆ ಎರಡು ಸೀದಾ, ಎರಡು ಉಲ್ಟಾ.’ ಇದರಲ್ಲಿ 10 ಸೆಂಟಿಮೀಟರಿನ ಲೆಕ್ಕವೇ ಜೀವಾಳ. ಬಿಗಿ ಕೈಯವರಿಗೆ ಅದೇ ಕಡ್ಡಿ, ಅದೇ ನೂಲಿನಲ್ಲಿ 29 ಕುಣಿಕೆ ಬರಬಹುದು. ಆಗ 100 ಕುಣಿಕೆಯ ಸುತ್ತಳತೆ 38ರ ಬದಲು 34 ಸೆಂಟಿಮೀಟರಿಗೆ ಇಳಿದು, ಐದು ತಿಂಗಳ ಮಗುವಿನ ಕುಲಾವಿ ನವಜಾತ ಶಿಶುವಿನದಾಗುತ್ತದೆ. ಕಡ್ಡಿ ಬದಲಿಸಿ ಸರಿದೂಗಿಸಬೇಕು. ಅಳೆಯುವುದು ಒಗೆದು ಒಣಗಿದ ಮೇಲೆ, ಮೊದಲಲ್ಲ.

ಉಡುಗೊರೆ ಕಟ್ಟುವಾಗ ಒಗೆಯುವ ಕ್ರಮವನ್ನು ಎರಡು ಸಾಲಿನಲ್ಲಿ ಬರೆದಿಡಿ. ನಿಜವಾದ ಉಣ್ಣೆಯಾದರೆ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆ ಹಾಕಿ, ತೂಗುಹಾಕಬೇಡಿ, ಮಡಿಸಿಡಿ. ಒಂದು ಸಣ್ಣ ಪೊಟ್ಟಣದಲ್ಲಿ ಉಳಿದ ನೂಲು ನಾಲ್ಕೈದು ಮೀಟರ್, ಜೊತೆಗೊಂದು ಗುಂಡಿ ಇರಲಿ. ತಂಗಿಯ ಮೊಮ್ಮಗುವಿಗೆ ಈಗ ಹಲ್ಲು ಮೂಡುತ್ತಿವೆ, ಸ್ವೆಟರಿನ ಮೇಲಿನ ಗುಂಡಿಯನ್ನು ಚೀಪಿ ಚೀಪಿ ದಾರ ಸಡಿಲ ಮಾಡಿದೆ. ಭಾನುವಾರ ಹೋಗಿ ಬಿಗಿ ಮಾಡಿ ಹೊಲಿದು ಬರಬೇಕು.